ಶೂನ್ಯಸಂಪಾದನೆಯ ಸಂವಾದಕ್ರಮ: ಅಕ್ಕನ ಪ್ರಸಂಗ

ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ವಾದದಲ್ಲಿ ಗೆದ್ದ ಕಥೆಯೆಂದು ಓದುವ ರೂಢಿಯುಂಟು. ಅಲ್ಲಿ ಸೋತವರು ಯಾರು ಎಂದು ಕೇಳಿದರೆ ಈ ಓದು ನಿಲ್ಲುವುದಿಲ್ಲ. ಅಲ್ಲಿ ನಡೆದಿರುವುದು ಒಬ್ಬರ ಅರಿವು ಇನ್ನೊಬ್ಬರಿಗೂ ಸಲ್ಲುವ ಕ್ರಮ.

ಪ್ರಭುದೇವರು ಮೊದಲು ಕೇಳುವುದು ಗಂಡನ ಗುರುತನ್ನು. ಅದನ್ನು ತಿಳಿಸಿದರೆ ಮಾತ್ರ ಸಭೆಯಲ್ಲಿ ಸ್ಥಾನ. ‘ಗಂಡ’ ಎಂಬ ಮಾತು ಎಲ್ಲರಿಗೂ ತಿಳಿದದ್ದು. ಅಕ್ಕ ಆ ಮಾತನ್ನು ತಳ್ಳಿಹಾಕುವುದಿಲ್ಲ. ಅದನ್ನೇ ಉಳಿಸಿಕೊಂಡು ಚೆನ್ನಮಲ್ಲಿಕಾರ್ಜುನನನ್ನು ಅಲ್ಲಿ ನಿಲ್ಲಿಸುತ್ತಾರೆ. ಹಳೆಯ ಪದದ ಆಸರೆಯಿಲ್ಲದೆ ಈ ಹೊಸ ಅರ್ಥ ಸಭೆಗೆ ಮುಟ್ಟುತ್ತಿರಲಿಲ್ಲ.

ಕೇಶದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಉಡುಗೆಯನ್ನು ಬಿಟ್ಟ ಮೇಲೆ ಕೂದಲಿನಿಂದ ಮೈ ಮರೆಮಾಡುವುದೇಕೆ ಎಂದು ಪ್ರಭುದೇವರು ಕೇಳುತ್ತಾರೆ. ಮರೆಯಿರುವುದು ಸಭೆಯ ಕಣ್ಣಿಗೆ ಕಾಣುತ್ತಿದೆ. ಅದನ್ನು ಅಕ್ಕ ಅಲ್ಲಗಳೆಯುವುದಿಲ್ಲ. ಹಣ್ಣು ಒಳಗೆ ಮಾಗದೆ ಸಿಪ್ಪೆಯ ಕಾಂತಿ ಅಳಿಯದೆಂಬ ಹೋಲಿಕೆಯನ್ನು ಹೇಳಿ, ಮರೆ ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎನ್ನುತ್ತಾರೆ. ಕಂಡದ್ದು ಎಲ್ಲರದು, ಕಾರಣ ಮಾತ್ರ ಹೊಸದು. ಆ ಕಾರಣವು ಕೇಳಿದವರ ಕಡೆಗೇ ತಿರುಗಿದೆ ಎಂಬುದನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲ.

ಅರ್ಥವಾಯಿತೆಂಬುದಕ್ಕೆ ಗುರುತು ಯಾವುದು? ಹರ್ಬರ್ಟ್ ಕ್ಲಾರ್ಕ್ ಮತ್ತು ಸೂಸನ್ ಬ್ರೆನನ್ ಎಂಬ ವಿದ್ವಾಂಸರು 1991ರ ಪ್ರಬಂಧವೊಂದರಲ್ಲಿ, ತಲೆಯಾಡಿಸುವುದಷ್ಟೇ ಅಲ್ಲದೆ, ಹಿಂದಿನ ಮಾತಿಗೆ ತಕ್ಕುದಾದ ಮುಂದಿನ ಮಾತೂ ಗ್ರಹಿಕೆಯ ಸಾಕ್ಷಿಯೆಂದು ವಿವರಿಸಿದ್ದಾರೆ. ಪ್ರಭುದೇವರು ಪ್ರತಿ ಉತ್ತರಕ್ಕೂ ‘ಅಹುದು’ ಎನ್ನಬೇಕಾಗಿಲ್ಲ. ಉತ್ತರ ನಿಂತ ನೆಲದಿಂದಲೇ ಅವರ ಮುಂದಿನ ಪ್ರಶ್ನೆ ಏಳುತ್ತದೆ. ಒಪ್ಪಿಗೆ ಅದರೊಳಗೇ ಅಡಗಿದೆ.

ಈ ಹೆಣಿಗೆ ಸಂಕಲನಕಾರರದೆಂಬುದನ್ನು ಮರೆಯಬಾರದು. ಬೇರೆಬೇರೆಯಾಗಿದ್ದ ವಚನಗಳನ್ನು ಶಿವಗಣಪ್ರಸಾದಿ ಮಹಾದೇವಯ್ಯನವರು ಸಂವಾದವಾಗಿ ಜೋಡಿಸಿದರು. ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ಆ ಕೃತಿ ಮತ್ತೆ ಮತ್ತೆ ಪರಿಷ್ಕಾರಗೊಂಡಿತು. ಜೋಡಣೆ ಎಲ್ಲೆಡೆಯೂ ಒಂದೇ ಬಿಗಿಯಲ್ಲಿಲ್ಲ. ಕೆಲವೆಡೆ ನಡುವಣ ಗದ್ಯವೇ ಸಮ್ಮತಿಯನ್ನು ಸಾರಿಬಿಡುತ್ತದೆ. ವಚನಗಳು ಅದನ್ನು ತೋರುವುದಿಲ್ಲ. ಅಕ್ಕನ ಪ್ರಸಂಗದಲ್ಲಿ ಆ ಕೊರತೆ ಕಡಿಮೆ. ಪಠ್ಯಪುಸ್ತಕಗಳು ಪ್ರಶ್ನೆಯನ್ನು ಕೈಬಿಟ್ಟು ಅಕ್ಕನ ವಚನವನ್ನಷ್ಟೇ ಅಚ್ಚುಮಾಡಿದಾಗ, ಅದು ಯಾರಿಗಾಗಿ ಆಡಿದ ಮಾತೆಂಬುದೇ ವಿದ್ಯಾರ್ಥಿಗೆ ತಿಳಿಯದೆ ಹೋಗುತ್ತದೆ.