ಬುದ್ಧಿ ಯಾರದು?

ಬಿ.ಎಡ್. ಓದುವಾಗ ಕಾರ್ಲ್ ರೋಜರ್ಸ್ ನಮಗೆ ಐದು ಅಂಕದ ಪ್ರಶ್ನೆಯಾಗಿ ಸಿಕ್ಕಿದ. ಅನಿರ್ದೇಶಿತ ಆಪ್ತಸಮಾಲೋಚನೆಯ ಲಕ್ಷಣಗಳನ್ನು ಬರೆಯಿರಿ. ಗೈಡಿನಲ್ಲಿದ್ದದ್ದನ್ನು ಉರು ಹೊಡೆದೆವು, ಬರೆದೆವು, ನಾಲ್ಕು ಅಂಕ ಬಂತು. ಮನುಷ್ಯನ ಬೆಲೆಯನ್ನು ಹೊರಗಿನವರು ಕಟ್ಟಬಾರದು ಅಂತ ಜೀವಮಾನವಿಡೀ ಹೇಳಿದವನನ್ನು ಇನ್ನೊಬ್ಬರ ಕೆಂಪು ಇಂಕಿಗೆ ಒಪ್ಪಿಸಿ ಪಾಸಾದೆವು. ಆಮೇಲೆ ಅವನ ಪುಸ್ತಕಗಳನ್ನೇ ಹುಡುಕಿ ಓದಿದಾಗ ಮೊದಲು ಸಂತೋಷವಾಯ್ತು. ನಂತರ ಸಿಟ್ಟು ಬಂತು. ಕೊನೆಗೆ ನಾಚಿಕೆಯಾಯ್ತು. ಗೆಳೆಯರೇ, ಈ ಮೂರನ್ನೂ ನಿಮ್ಮ ಮುಂದಿಡುತ್ತೇವೆ.

ಮೊದಲು ಸಂತೋಷದ ಮಾತು. ರೋಜರ್ಸ್ (1902–1987) ಅಮೆರಿಕದ ಕಟ್ಟುನಿಟ್ಟಿನ ಕ್ರೈಸ್ತ ಮನೆಯ ಮಗ. ಬೇಸಾಯ ಓದಲು ಹೋಗಿ, ಪಾದ್ರಿಯಾಗಲು ಹೊರಟು, ಅದನ್ನೂ ಬಿಟ್ಟು ಮನಶ್ಶಾಸ್ತ್ರಕ್ಕೆ ಬಂದವನು. ರಾಚೆಸ್ಟರ್ ಎಂಬ ಊರಿನಲ್ಲಿ ಹನ್ನೆರಡು ವರ್ಷ ಕಷ್ಟಕ್ಕೆ ಸಿಕ್ಕಿದ ಮಕ್ಕಳ ನಡುವೆ ಕೆಲಸ ಮಾಡಿದ. ಎಲ್ಲಿ ನೋಯುತ್ತಿದೆ, ಯಾವ ದಾರಿ ಹಿಡಿಯಬೇಕು ಅನ್ನುವುದು ನೊಂದವನಿಗೇ ಗೊತ್ತು, ಎದುರು ಕೂತವನ ಕೆಲಸ ಬುದ್ಧಿ ಹೇಳುವುದಲ್ಲ ಅನ್ನುವುದು ಅವನು ಕಂಡುಕೊಂಡ ಸತ್ಯ. ಎದುರು ಕೂತವನಲ್ಲಿ ಮೂರು ಗುಣ ಇರಬೇಕೆಂದು 1957ರ ಒಂದು ಲೇಖನದಲ್ಲಿ ವಿವರಿಸಿದ. ಒಳಗೊಂದು ಹೊರಗೊಂದು ಇರಬಾರದು. ಬಂದವನನ್ನು ಷರತ್ತಿಲ್ಲದೆ ಗೌರವಿಸಬೇಕು. ಅವನ ಲೋಕವನ್ನು ಅವನ ಒಳಗಿಂದಲೇ ಕಾಣಬೇಕು. ಇಷ್ಟಾದರೆ ಇಷ್ಟು ದಿನ ಅಪ್ಪ, ಪಾದ್ರಿ, ಮೇಷ್ಟ್ರ ಕೈಯಲ್ಲಿದ್ದ ತೀರ್ಪಿನ ಅಧಿಕಾರ ಮೆಲ್ಲಗೆ ಮನುಷ್ಯನ ಒಳಕ್ಕೆ ಬಂದು ಕೂರುತ್ತದೆ.

ಇಲ್ಲಿ ನಮಗೆ ನಮ್ಮಪ್ಪ ನೆನಪಾದ. ನಮ್ಮ ಕಡೆ ಕೇರಿಯ ಜನ ಊರ ದೊಡ್ಡವರನ್ನು ಕರೆಯುವುದು 'ಬುದ್ಧಿ' ಅಂತ. ಆಗಲಿ ಬುದ್ಧಿ. ತಪ್ಪಾಯ್ತು ಬುದ್ಧಿ. ಎಪ್ಪತ್ತು ವರ್ಷ ಮಣ್ಣನ್ನೂ ಮಳೆಯನ್ನೂ ದನದ ಕಾಯಿಲೆಯನ್ನೂ ಅರಿತ ಮನುಷ್ಯ, ಹೊಲದ ಬದುವಿನಲ್ಲಿ ಕೊಡೆ ಹಿಡಿದು ನಿಂತವನನ್ನು 'ಬುದ್ಧಿ' ಅಂದ. ತಲೆ ನಮ್ಮಪ್ಪನ ಹೆಗಲ ಮೇಲಿತ್ತು, ಬುದ್ಧಿ ಮಾತ್ರ ಜಗಲಿಯ ಮೇಲಿತ್ತು. ರೋಜರ್ಸ್ ಪುಟಗಟ್ಟಲೆ ಬರೆದದ್ದನ್ನು ನಮ್ಮೋರು ಒಂದು ಪದದಲ್ಲಿ ಹೊತ್ತು ತಿರುಗುತ್ತಿದ್ದರು.

ಇನ್ನು ಸಿಟ್ಟು. ಮಗು ತನ್ನ ಬೆಲೆಯನ್ನು ಹೊರಗೆ ಹುಡುಕಲು ಶುರುಮಾಡುವುದು ತಂದೆತಾಯಿಯ ಷರತ್ತಿನ ಪ್ರೀತಿಯಿಂದ ಅನ್ನುತ್ತಾನೆ ರೋಜರ್ಸ್. ಹೀಗಿದ್ದರೆ ನೀನು ಒಳ್ಳೆಯವನು, ಹಾಗಿದ್ದರೆ ಅಲ್ಲ. ನಮ್ಮವ್ವ ಯಾವ ಷರತ್ತೂ ಹಾಕಲಿಲ್ಲ. ಆದರೆ ಅದೇ ಅವ್ವ ಹೋಟೆಲಿನ ಮೆಟ್ಟಿಲು ಹತ್ತಲು ಹೋದ ನಮ್ಮನ್ನು ರಟ್ಟೆ ಹಿಡಿದು ಹಿಂದಕ್ಕೆಳೆದಳು. 'ಅಲ್ಲಿಗಲ್ಲ ಮಗ' ಅಂದಳು. ನಮ್ಮ ಬೆಲೆಯನ್ನು ಹುಟ್ಟುವ ಮೊದಲೇ ಬೀದಿ ಕಟ್ಟಿತ್ತು. ಬೀದಿ ಕಟ್ಟಿದ ಬೆಲೆಯನ್ನು ಎರಡು ಕುರ್ಚಿಯ ಕೋಣೆ ಒಂದೇ ಅಳಿಸಬಲ್ಲುದೇ?

1964ರಲ್ಲಿ ಚಿತ್ರೀಕರಿಸಿದ ರೋಜರ್ಸ್‌ನ ಮಾತುಕತೆಯೊಂದಿದೆ. ವಿಚ್ಛೇದನವಾದ ತಾಯೊಬ್ಬಳು ಬಂದಿದ್ದಾಳೆ. ತನ್ನ ಸಂಬಂಧಗಳ ಬಗ್ಗೆ ಪುಟ್ಟ ಮಗಳಿಗೆ ಸುಳ್ಳು ಹೇಳಿದ್ದಾಳೆ. ನಿಜ ಹೇಳಲೇ, ಬೇಡವೇ ಎಂದು ಕೇಳುತ್ತಾಳೆ. ಅವನು ಉತ್ತರ ಕೊಡುವುದಿಲ್ಲ. ಆಕೆ ಬಿಡದೆ ಕೇಳುತ್ತಾಳೆ, ಅವನು ಆಕೆಯ ತೊಳಲಾಟವನ್ನೇ ಆಕೆಯ ಮುಂದಿಡುತ್ತಾನೆ. ನಮ್ಮ ಕಣ್ಣಿಗೆ ಬಿದ್ದದ್ದು ಬೇರೆ: ಉತ್ತರ ಕೊಡದವನನ್ನು ಮತ್ತೆ ಮತ್ತೆ ಕೇಳುವ ಧೈರ್ಯ ಆಕೆಗೆ ಇತ್ತು.

ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಾಗ, ಕಾಲೇಜಿನವರು ಅವನನ್ನು ಆಪ್ತಸಮಾಲೋಚಕರ ಹತ್ತಿರ ಕಳಿಸಿದರು. ಅವರು ಒಳ್ಳೆಯವರೇ. 'ನಿನಗೇನನ್ನಿಸುತ್ತೆ ಹೇಳಪ್ಪ' ಅಂದು ಸುಮ್ಮನೆ ಕಾದರು. ಗೆಳೆಯ ಬೆವತುಹೋದ. 'ಇಂಟರ್‌ವ್ಯೂಗೆ ಕೂತಂಗಾಯ್ತು ಕಣೋ. ಯಾವ ಉತ್ತರ ಸರಿ ಅಂತ ಅವರ ಮುಖಾನೇ ನೋಡ್ತಿದ್ದೆ' ಅಂದ. ಹುಟ್ಟಿದಾಗಿನಿಂದ ಅಪ್ಪಣೆ ಕೇಳಿ ಬೆಳೆದವನಿಗೆ ಮೌನವೂ ಒಂದು ಅಪ್ಪಣೆ. ಕುರ್ಚಿಯಲ್ಲಿ ಕೂತವರು ತಮ್ಮ ಕುರ್ಚಿಯ ಎತ್ತರ ಮೊದಲು ಒಪ್ಪಿಕೊಳ್ಳಬೇಕು. ಇಲ್ಲವಾದರೆ 'ನಿನ್ನ ಒಳದನಿ ಕೇಳು' ಅನ್ನುವುದು 'ಹೊಂದಿಕೊಂಡು ಹೋಗು' ಅನ್ನುವುದರ ಇನ್ನೊಂದು ರೂಪ ಆದೀತು.

ರೋಜರ್ಸ್‌ಗೆ ಇದು ತಿಳಿಯಲೇ ಇಲ್ಲ ಅಂದರೆ ಅನ್ಯಾಯ. 1977ರ ಪುಸ್ತಕದಲ್ಲಿ ಅವನು ಅಧಿಕಾರದ ಪ್ರಶ್ನೆಗೇ ಬಂದ. ಬ್ರೆಜಿಲ್‌ನ ರೈತರ ನಡುವೆ ದುಡಿದ ಪಾಲೊ ಫ್ರೇರೆಯಲ್ಲಿ ತನ್ನ ವಿಚಾರಕ್ಕೆ ಹತ್ತಿರದ ವಿಚಾರ ಕಂಡ. 1982ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕರಿಯರನ್ನೂ ಬಿಳಿಯರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಿದ. ಒಳ್ಳೆಯದೇ. ಆದರೆ ಕೋಣೆಯಿಂದ ಹೊರಬಂದ ಕರಿಯನಿಗೆ ಬಾಗಿಲಲ್ಲಿ ಪಾಸ್ ಕಾನೂನು ಕಾದಿತ್ತು. 1986ರಲ್ಲಿ ಅದು ಬಿದ್ದದ್ದರ ಹಿಂದೆ ಕರಿಯರ ದಶಕಗಳ ಹೋರಾಟ ಇತ್ತು.

ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಜಾನ್ ಡ್ಯೂಯಿಯ ಪಾಠ ಕೇಳಿ. ಸುಮಾರು ಹತ್ತು ವರ್ಷದ ಮೇಲೆ ರೋಜರ್ಸ್ ಅಲ್ಲಿನ ಟೀಚರ್ಸ್ ಕಾಲೇಜಿಗೆ ಬಂದು ಡ್ಯೂಯಿಯ ಅನುಯಾಯಿ ಕಿಲ್‌ಪ್ಯಾಟ್ರಿಕ್‌ನ ತರಗತಿಯಲ್ಲಿ ಕೂತ. ಒಂದೇ ಬಾವಿಯ ನೀರು. ರೋಜರ್ಸ್ ಕೋಣೆಗೆ ಹೋದ, ಬಾಬಾಸಾಹೇಬರು ಕೆರೆಗೆ ಹೋದರು. ಮಹಾಡಿನ ಚವದಾರ್ ಕೆರೆ ಕಾಗದದ ಮೇಲೆ ಮೊದಲೇ ಎಲ್ಲರಿಗೂ ತೆರೆದಿತ್ತು. ಆದರೂ ನಮ್ಮ ಜನ ಇಳಿದಿರಲಿಲ್ಲ, ಇಳಿಯಲು ಬಿಟ್ಟಿರಲಿಲ್ಲ. 1927ರ ಮಾರ್ಚ್ 20ರಂದು ಅವರು ಬೊಗಸೆ ತುಂಬಿ ಕುಡಿದರು, ಸಾವಿರಾರು ಜನ ಕುಡಿದರು, ಅದಕ್ಕಾಗಿ ಪೆಟ್ಟೂ ತಿಂದರು. ಒಳಗಿನ ಅಧಿಕಾರವೂ ಹೊರಗಿನ ಹಕ್ಕೂ ಅಂದು ಒಂದೇ ಬೊಗಸೆಯಲ್ಲಿದ್ದವು. ಒಂದು ಮೊದಲು, ಇನ್ನೊಂದು ಆಮೇಲೆ ಅನ್ನುವ ಲೆಕ್ಕ ಅಲ್ಲಿ ನಡೆಯಲಿಲ್ಲ.

ಕೊನೆಯದು ನಾಚಿಕೆ. ನಮ್ಮ ಕವಿಗೋಷ್ಠಿಗೆ ಹಾಸ್ಟೆಲಿನ ಹುಡುಗಿಯೊಬ್ಬಳು ಬಂದಿದ್ದಳು. ಅವಳವ್ವ ಸಾಕಿದ ಕೋಳಿಮರಿಗಳ ಮೇಲೆ ಪದ್ಯ. ಅರ್ಧ ಓದುವಷ್ಟರಲ್ಲೇ ನಾವು ತಡೆದೆವು. 'ಇದರಲ್ಲಿ ಕೇರಿ ಎಲ್ಲಮ್ಮ? ಬೆಂಕಿ ಎಲ್ಲಿ? ತಿದ್ದಿ ಬರಿ' ಅಂದೆವು. ಅವಳು 'ಸರಿ ಅಣ್ಣ' ಅಂದು ಹಾಳೆ ಮಡಚಿದಳು. ಮತ್ತೆ ಬರಲಿಲ್ಲ. ಆ 'ಸರಿ ಅಣ್ಣ'ದೊಳಗೆ ನಮ್ಮಪ್ಪನ 'ಆಗಲಿ ಬುದ್ಧಿ' ಇತ್ತು. ಸಿಟ್ಟಿದ್ದರೆ ನೀನು ನಮ್ಮವಳು ಅನ್ನುವುದು ನಾವು ಹಾಕಿದ ಷರತ್ತು. ಜಗಲಿಯ ಮೇಲಿನ ಬುದ್ಧಿಯನ್ನು ಇಳಿಸಲು ಹೊರಟ ನಾವು ಇನ್ನೊಂದು ಜಗಲಿ ಕಟ್ಟಿಕೊಂಡು ಕೂತಿದ್ದೆವು.

ಆದ್ದರಿಂದ ರೋಜರ್ಸ್‌ನನ್ನು ಅಮೆರಿಕದ ಸರಕು ಅಂತ ಬಿಸಾಕುವುದು ಬೇಡ. ಅವನ ಕೋಣೆ ನಮಗೆ ಸಾಲದು, ಅವನ ಕಿವಿ ಬೇಕು. ಹಳ್ಳಿಯ ಮೇಷ್ಟ್ರುಗಳೇ, ಹಿಂದಿನ ಬೆಂಚಿನ ಮಗು ಬಾಯಿಬಿಡುವವರೆಗೆ ಕಾಯಿರಿ. ಅದು ನಿಮ್ಮ ಮುಖದಲ್ಲಿ ಉತ್ತರ ಹುಡುಕುತ್ತಿದ್ದರೆ ಪಕ್ಕಕ್ಕೆ ಹೋಗಿ ಕೂತು ಕೇಳಿರಿ. ಸಂಘಟನೆಯ ಗೆಳೆಯರೇ, ಭಾಷಣಕ್ಕೆ ಒಂದು ಗಂಟೆ ಇಟ್ಟರೆ ಕೇಳಿಸಿಕೊಳ್ಳುವುದಕ್ಕೂ ಒಂದು ಗಂಟೆ ಇಡೋಣ.

ಆ ಹುಡುಗಿಗೆ ಕಾಗದ ಬರೆದಿದ್ದೇವೆ. ಪದ್ಯ ತಿದ್ದಬೇಡ, ಉಳಿದರ್ಧ ಓದುವ ಮನಸ್ಸಾದರೆ ಓದು, ಕೇಳ್ತೀವಿ ಅಂತ. ಉತ್ತರ ಇನ್ನೂ ಬಂದಿಲ್ಲ.