ಎರಡನೇ ಪಂಕ್ತಿ

ಜರ್ಮನಿಯ ಫುಟ್‌ಬಾಲ್ ಎಂದ ಕೂಡಲೇ ನಮ್ಮವರ ಬಾಯಲ್ಲಿ ಬರುವ ಹೆಸರು ಬಯರ್ನ್ ಮ್ಯೂನಿಕ್. 2013ರಿಂದ 2023ರವರೆಗೆ ಸತತ 11 ಸಲ ಬುಂಡೆಸ್‌ಲೀಗಾ ಗೆದ್ದ ತಂಡವದು. ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿದ್ದರೆ ಆಟ ನೋಡುವುದಾದರೂ ಯಾಕೆ ಎಂಬ ಬೇಸರದಲ್ಲೇ ನಾನು ಅದರ ಕೆಳಗಿನ ಪಂಕ್ತಿಯ ಕಡೆ ತಿರುಗಿದ್ದು. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕೂತವನಿಗೆ ಪಾಯಸ ಉಳಿದಿರುತ್ತದೋ ಇಲ್ಲವೋ ಎಂಬ ಆತಂಕವಿರುತ್ತದಲ್ಲ, ಅಂಥ ಆತಂಕ ಈ ಆಟದಲ್ಲಿದೆ ಎಂದು ನನಗೆ ಅನ್ನಿಸಿತ್ತು.

ಎರಡನೇ ಬುಂಡೆಸ್‌ಲೀಗಾ ಶುರುವಾದದ್ದು 1974ರಲ್ಲಿ, ಉತ್ತರ ಮತ್ತು ದಕ್ಷಿಣ ಎಂಬ ಎರಡು ಗುಂಪುಗಳಾಗಿ. 1981ರಲ್ಲಿ ಒಂದಾಯಿತು. ಈಗ 18 ತಂಡ, ಒಂದೊಂದಕ್ಕೆ 34 ಪಂದ್ಯ. ಮೊದಲಿನ ಎರಡು ತಂಡಗಳು ನೇರವಾಗಿ ಮೇಲೇರುತ್ತವೆ. ಮೂರನೆಯದು ಮೇಲಿನ ದರ್ಜೆಯ 16ನೇ ತಂಡದೊಂದಿಗೆ ಎರಡು ಪಂದ್ಯ ಆಡಿ ತನ್ನ ಹಣೆಬರಹ ನೋಡಿಕೊಳ್ಳಬೇಕು. ಕೊನೆಯ ಎರಡು ಕೆಳಗಿಳಿಯುತ್ತವೆ. ಹೀಗೆ ಮೇಲೂ ಬಾಗಿಲು, ಕೆಳಗೂ ಬಾಗಿಲು ಇರುವ ಮನೆ ಇದು. ಇಲ್ಲಿ ಯಾರೂ ನೆಮ್ಮದಿಯಿಂದ ಕೂತಿರಲಾರರು.

ಈ ಲೀಗಿನ ಬಗ್ಗೆ ಬರೆಯುವವರೆಲ್ಲ ತಪ್ಪದೆ ಬಳಸುವ ಒಂದು ಮಾತಿದೆ: ‘ಇಲ್ಲಿ ಯಾರು ಯಾರನ್ನಾದರೂ ಸೋಲಿಸಬಹುದು.’ ನಾನೂ ಈ ಮಾತನ್ನು ನಂಬಿದವನೇ. ಕೆಲಸದ ನಿಮಿತ್ತ ಫ್ರಾಂಕ್‌ಫರ್ಟಿನ ಬಳಿ ಇದ್ದ ನನಗೆ ವಾರದ ಕೊನೆಗೆ ರೈಲು ಹತ್ತುವುದು ಚಟವಾಯಿತು. ಇಂಥ ಅಲೆಮಾರಿಗಳನ್ನು ಜರ್ಮನರು ‘ಗ್ರೌಂಡ್‌ಹಾಪರ್’ ಎನ್ನುತ್ತಾರೆ. ಅಂಚೆಚೀಟಿ ಕೂಡಿಸುವವರ ಹಾಗೆ ಇವರು ಮೈದಾನಗಳನ್ನು ಕೂಡಿಸುತ್ತಾರೆ. ಬೆಟ್ಟದ ಮೇಲೆ ಕೋಟೆಯಂತೆ ಕೂತ ಕೈಸರ್ಸ್‌ಲೌಟರ್ನಿನ ಮೈದಾನ, ಎರಡನೇ ದರ್ಜೆಯ ಆಟಕ್ಕೂ 60 ಸಾವಿರ ಜನ ಸೇರುವ ಶಾಲ್ಕೆ, ಸಮುದ್ರಮಟ್ಟದಿಂದ 555 ಮೀಟರ್ ಎತ್ತರದ ಹೈಡನ್‌ಹೈಮ್, ಎಲ್ಲವನ್ನೂ ನೋಡಿದೆ. ಯಾವ ತಂಡವೂ ನನ್ನದಲ್ಲ, ಹಾಗಾಗಿ ನಾನು ನಿಷ್ಪಕ್ಷಪಾತಿ ಎಂಬ ಹೆಮ್ಮೆಯೂ ಇತ್ತು.

ಆ ಹೆಮ್ಮೆ ಇಳಿದದ್ದು 2023ರ ಮೇ 28ರ ಭಾನುವಾರ. ಲೀಗಿನ ಕೊನೆಯ ದಿನ. ಎಲ್ಲ ಪಂದ್ಯಗಳೂ ಮಧ್ಯಾಹ್ನ ಮೂರೂವರೆಗೆ ಒಟ್ಟಿಗೇ ಆರಂಭ. ಪ್ರಾದೇಶಿಕ ರೈಲುಗಳಲ್ಲಿ ದೇಶವಿಡೀ ಓಡಾಡಬಹುದಾದ 49 ಯೂರೋದ ತಿಂಗಳ ಟಿಕೆಟ್ ಅದೇ ತಿಂಗಳು ಬಂದಿತ್ತು. ಅದನ್ನಿಟ್ಟುಕೊಂಡು ಹೈಡೆಲ್‌ಬರ್ಗಿನ ಪಕ್ಕದ ಸ್ಯಾಂಡ್‌ಹೌಸನ್‌ಗೆ ಹೋದೆ. ಕಾಡಿನಂಚಿನಲ್ಲಿ ಮೈದಾನವಿರುವ ಸಣ್ಣ ಊರು. ಎದುರಾಳಿ ಹ್ಯಾಂಬರ್ಗ್. 1963ರಲ್ಲಿ ಬುಂಡೆಸ್‌ಲೀಗಾ ಹುಟ್ಟಿದಾಗಿನಿಂದ 2018ರವರೆಗೆ ಒಮ್ಮೆಯೂ ಕೆಳಗಿಳಿಯದೆ, ಆ ಕಾಲವನ್ನು ಸೆಕೆಂಡುಗಳ ಲೆಕ್ಕದಲ್ಲಿ ತೋರಿಸುವ ಗಡಿಯಾರವನ್ನು ಮೈದಾನದಲ್ಲಿ ತೂಗುಹಾಕಿಕೊಂಡಿದ್ದ ತಂಡ. ನನ್ನ ಸುತ್ತ ಇದ್ದವರು ಹೆಚ್ಚಾಗಿ ಉತ್ತರದಿಂದ ಬಂದವರೇ. ಪಕ್ಕದಲ್ಲಿ ಒಬ್ಬ ಮುದುಕರು, ಜೊತೆಯಲ್ಲಿ ಮೊಮ್ಮಗಳು.

ಹ್ಯಾಂಬರ್ಗ್ 1–0ಯಿಂದ ಗೆದ್ದಿತು. ಅತ್ತ ರೇಗನ್ಸ್‌ಬರ್ಗಿನಲ್ಲಿ 2–0 ಹಿಂದಿದ್ದ ಹೈಡನ್‌ಹೈಮ್ ಗೆಲ್ಲದಿದ್ದರೆ ಹ್ಯಾಂಬರ್ಗ್ ಮೇಲೇರಿದಂತೆ. ಇಲ್ಲಿ ಶಿಳ್ಳೆ ಊದುತ್ತಲೇ ಜನ ಮೈದಾನಕ್ಕೆ ನುಗ್ಗಿದರು. ಮುದುಕರು ನನ್ನನ್ನು ತಬ್ಬಿಕೊಂಡರು. ನಾನೂ ತಬ್ಬಿಕೊಂಡೆ. ಆದರೆ ರೇಗನ್ಸ್‌ಬರ್ಗಿನಲ್ಲಿ ಆಟ ಇನ್ನೂ ಮುಗಿದಿರಲಿಲ್ಲ. ಹೆಚ್ಚುವರಿ ವೇಳೆಯ ಮೂರನೇ ನಿಮಿಷದಲ್ಲಿ ಪೆನಾಲ್ಟಿಯಿಂದ 2–2 ಆಗಿತ್ತು. ಒಂಬತ್ತನೇ ನಿಮಿಷದಲ್ಲಿ ಟಿಮ್ ಕ್ಲೈನ್‌ಡೀನ್ಸ್ಟ್ ಮೂರನೇ ಗೋಲು ಹೊಡೆದರು. ಸುದ್ದಿ ಫೋನಿನಿಂದ ಫೋನಿಗೆ ಹರಿದು ಬಂತು. ಅಷ್ಟಗಲದ ಗದ್ದಲ ಅಂಚಿನಿಂದ ನಡುವಿಗೆ ಹಂತಹಂತವಾಗಿ ಅಡಗುವುದನ್ನು ನಾನು ಕಂಡದ್ದು ಅದೇ ಮೊದಲು. ಹೈಡನ್‌ಹೈಮಿಗೆ ಪ್ರಥಮ ಸ್ಥಾನ, 67 ಅಂಕ. ಡಾರ್ಮ್‌ಸ್ಟಾಟಿಗೂ 67. ಹ್ಯಾಂಬರ್ಗಿಗೆ 66. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ರೈಲಿನಲ್ಲಿ ಆ ಮುದುಕರು ಎದುರಿನ ಸೀಟಿನಲ್ಲೇ ಸಿಕ್ಕರು. ಸಮಾಧಾನ ಹೇಳುವ ಆತುರದಲ್ಲಿ ನಾನು ‘ಈ ಲೀಗ್ ಎಷ್ಟು ಅನಿರೀಕ್ಷಿತ, ಅಲ್ಲವೇ’ ಎಂದುಬಿಟ್ಟೆ. ಅವರು ನನ್ನನ್ನು ನೋಡಿ, ‘ನಿಮಗಿರಬಹುದು’ ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು.

ಆ ಎರಡು ಪದಗಳು ನನ್ನನ್ನು ಬಹಳ ದಿನ ಕಾಡಿದವು. ಕೂತು ಲೆಕ್ಕ ಹಾಕಿದೆ. ಕೆಳಗಿಳಿದ ಮೇಲೆ ಹ್ಯಾಂಬರ್ಗ್ ವರ್ಷವರ್ಷವೂ ಪಡೆದ ಸ್ಥಾನ: 2019, 2020, 2021ರಲ್ಲಿ ನಾಲ್ಕು, 2022, 2023ರಲ್ಲಿ ಮೂರು, 2024ರಲ್ಲಿ ಮತ್ತೆ ನಾಲ್ಕು. ಮೂರನೇ ಸ್ಥಾನ ಬಂದಾಗ ಒಮ್ಮೆ ಹೆರ್ಥಾ ಬರ್ಲಿನ್, ಇನ್ನೊಮ್ಮೆ ಸ್ಟುಟ್‌ಗಾರ್ಟ್ ಎದುರು ಸೋಲು. ಇದಕ್ಕಿಂತ ನಿಯಮಬದ್ಧವಾದದ್ದು ಪಂಚಾಂಗದಲ್ಲೂ ಇರಲಾರದು! ಬಯರ್ನಿನ ಗೆಲುವಿನಷ್ಟೇ ಖಚಿತವಾಗಿ ಹ್ಯಾಂಬರ್ಗಿನ ಸೋಲು ಬರುತ್ತಿತ್ತು. ಅನಿರೀಕ್ಷಿತ ಎಂಬುದು ಆಟದ ಗುಣವಲ್ಲ, ನೋಡುವವನು ನಿಂತ ಜಾಗದ ಗುಣ ಎಂದು ನನಗೆ ಹೊಳೆದದ್ದು ಆಗಲೇ. ಕಳೆದುಕೊಳ್ಳಲು ಏನೂ ಇಲ್ಲದವನಿಗೆ ಎಲ್ಲವೂ ಸೊಗಸಾದ ಆಶ್ಚರ್ಯ.

ಹಾಗಾದರೆ ಈ ಏರುಪೇರಿಗೆ ಕಾರಣವೇ ಇಲ್ಲವೇ? ಇದೆ. ಕೆಳಗಿಳಿದ ದೊಡ್ಡ ತಂಡಕ್ಕೆ ಟೆಲಿವಿಷನ್ನಿನ ವರಮಾನ ಕುಸಿಯುತ್ತದೆ, ಖರ್ಚು ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ಆಟಗಾರರನ್ನು ಮಾರಬೇಕು, ಎರವಲು ತರಬೇಕು, ತುಂಬಿದ ಮೈದಾನದ ಸಿಟ್ಟಿಗೆ ಹೆದರಿ ತರಬೇತುದಾರನನ್ನು ಬದಲಾಯಿಸಬೇಕು. ಹ್ಯಾಂಬರ್ಗ್ ಆ ಏಳು ವರ್ಷಗಳಲ್ಲಿ ಅರ್ಧ ಡಜನ್‌ಗಿಂತ ಹೆಚ್ಚು ಮಂದಿಯನ್ನು ಆ ಕುರ್ಚಿಯಲ್ಲಿ ಕೂರಿಸಿತು. ಹೈಡನ್‌ಹೈಮ್ 50 ಸಾವಿರದ ಆಸುಪಾಸಿನ ಜನಸಂಖ್ಯೆಯ ಊರು. ಅಲ್ಲಿ ಅದೇ ಊರಿನಲ್ಲಿ ಹುಟ್ಟಿದ ಫ್ರಾಂಕ್ ಶ್ಮಿಟ್ 2007ರಲ್ಲಿ ತಂಡದ ಹೊಣೆ ಹೊತ್ತರು. ಓಬರ್‌ಲೀಗಾದ ಆ ತಂಡ ಅವರ ಕೈಯಲ್ಲೇ 2023ರಲ್ಲಿ ಬುಂಡೆಸ್‌ಲೀಗಾ ಮುಟ್ಟಿತು. ನಾವು ಪವಾಡವೆಂದದ್ದು 16 ವರ್ಷದ ತಾಳ್ಮೆಯ ಫಲ.

ಇನ್ನು ಪರಂಪರೆಯ ಮಾತು. ಹಳೆಯ ಹೆಸರಿನ ತಂಡಗಳು ಮೇಲಿರಬೇಕು, ಹಳ್ಳಿಯವರು ಅವುಗಳ ಜಾಗ ಕಬಳಿಸಿದ್ದಾರೆ ಎಂದು ಗೊಣಗುವವರು ಪ್ರತಿ ರೈಲಿನಲ್ಲೂ ಸಿಗುತ್ತಾರೆ. ಪರಂಪರೆ ಯಾರನ್ನೂ ಕಾದದ್ದಿಲ್ಲ. ನ್ಯೂರೆಂಬರ್ಗ್ 1968ರಲ್ಲಿ ಚಾಂಪಿಯನ್, 1969ರಲ್ಲಿ ಕೆಳಗಿನ ದರ್ಜೆಗೆ. ಕೈಸರ್ಸ್‌ಲೌಟರ್ನ್ 1997ರಲ್ಲಿ ಎರಡನೇ ದರ್ಜೆಯಿಂದ ಮೇಲೆ ಬಂದು 1998ರಲ್ಲಿ ನೇರವಾಗಿ ಚಾಂಪಿಯನ್ ಆಯಿತು. ಆದರೂ ಆ ಗೊಣಗಾಟವನ್ನು ನಾನೀಗ ಮೊದಲಿನಂತೆ ನಗುವುದಿಲ್ಲ. 2023–24ರಲ್ಲಿ ಈ ಎರಡನೇ ದರ್ಜೆಯ ಪಂದ್ಯಗಳಿಗೆ ಸರಾಸರಿ 28 ಸಾವಿರಕ್ಕೂ ಮೀರಿ ಜನ ಬಂದರು. ಸೋಲನ್ನು ನೋಡಲೆಂದೇ ಇಷ್ಟು ಜನ ಟಿಕೆಟ್ ಕೊಳ್ಳುತ್ತಾರೆಂದರೆ, ಈ ಲೀಗಿನಲ್ಲಿ ನಿಶ್ಚಿತವಾದ ವಸ್ತು ಒಂದೇ: ಜನರ ನಿಷ್ಠೆ.

ಅದರ ಬೆಲೆ ವ್ಯಾಪಾರಿಗಳಿಗೂ ಗೊತ್ತು. ಪ್ರಸಾರದ ವರಮಾನದ ಒಂದು ಪಾಲನ್ನು ಹೂಡಿಕೆದಾರರಿಗೆ ಕೊಡುವ ಯೋಜನೆಗೆ 2023ರ ಡಿಸೆಂಬರಿನಲ್ಲಿ ಲೀಗ್ ಒಪ್ಪಿಗೆ ಪಡೆದಾಗ, ಮೈದಾನಗಳಲ್ಲಿ ಟೆನಿಸ್ ಚೆಂಡುಗಳ ಮಳೆಯಾಯಿತು. ಆಟಗಳು ನಿಂತವು. 2024ರ ಫೆಬ್ರವರಿಯಲ್ಲಿ ಯೋಜನೆಯನ್ನೇ ಕೈಬಿಟ್ಟರು. ಟೆನಿಸ್ ಚೆಂಡು ಎಸೆದವರು ಆಟಕ್ಕೆ ಅಡ್ಡಿ ಮಾಡಿದರೆಂದು ಆಗ ನನಗೂ ಕಿರಿಕಿರಿಯಾಗಿತ್ತು. ಮೈದಾನ ಎಣಿಸುವವನ ಕಿರಿಕಿರಿ ಅದು. ಅವರು ಎಸೆಯದಿದ್ದರೆ ನಾನು ಎಣಿಸಲು ಹೋಗುವ ಮೈದಾನಗಳು ಎಷ್ಟು ದಿನ ಹಾಗೇ ಇರುತ್ತಿದ್ದವು ಎಂದು ನಾನು ಕೇಳಿಕೊಂಡಿರಲಿಲ್ಲ.

2025ರ ಮೇ 10ರಂದು ಹ್ಯಾಂಬರ್ಗ್ ಉಲ್ಮ್ ತಂಡವನ್ನು 6–1ರಿಂದ ಸೋಲಿಸಿ ಕೊನೆಗೂ ಮೇಲೇರಿತು. ಮುದುಕರ ಹೆಸರನ್ನೂ ನಾನು ಕೇಳಿರಲಿಲ್ಲ. ಅವರು ಅದನ್ನು ನೋಡಿರಲಿ ಎಂದುಕೊಂಡೆ. ಅದೇ ತಿಂಗಳ 26ರಂದು 13 ಸಾವಿರ ಜನರ ಊರಿನ ತಂಡ ಎಲ್ವರ್ಸ್‌ಬರ್ಗ್, ಬುಂಡೆಸ್‌ಲೀಗಾದ ಬಾಗಿಲಲ್ಲಿ ನಿಂತು ಅದೇ ಹೈಡನ್‌ಹೈಮಿನ ಎದುರು ಆಡಿತು. ಟಿಕೆಟ್ ಸಿಗದೆ ಟೆಲಿವಿಷನ್ನಿನಲ್ಲಿ ನೋಡಿದೆ. ಮೊದಲ ಪಂದ್ಯ 2–2. ಇದೂ 1–1. ಹೆಚ್ಚುವರಿ ವೇಳೆಯ ಐದನೇ ನಿಮಿಷದಲ್ಲಿ ಹೈಡನ್‌ಹೈಮ್ ಗೋಲು ಹೊಡೆಯಿತು. ಕ್ಯಾಮರಾ ತಲೆಮೇಲೆ ಕೈಹೊತ್ತು ನಿಂತ ಒಬ್ಬ ಹುಡುಗನನ್ನು ತೋರಿಸಿತು.

ಊರಿನ ಗೆಳೆಯರೊಬ್ಬರು ಆ ರಾತ್ರಿ ಫೋನು ಮಾಡಿ, ಆಟ ಹೇಗಿತ್ತು ಎಂದು ಕೇಳಿದರು. ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ‘2–1, ಎಲ್ವರ್ಸ್‌ಬರ್ಗ್ ಸೋತಿತು’ ಎಂದಷ್ಟೇ ಹೇಳಿದೆ.