ನೀರನ್ನೊಲ್ಲದ ಮಣ್ಣೂ ಋತುಮಾನವೂ: ಒಂದು ವಿಮರ್ಶೆ

ಒಣಗಿದ ಮಣ್ಣು ನೀರನ್ನು ಆತುರದಿಂದ ಹೀರುವುದೆಂಬುದು ಲೋಕರೂಢಿಯ ಮಾತು. ಕೆಲವು ಮಣ್ಣುಗಳ ವಿಷಯದಲ್ಲಿ, ಅದೂ ಬೇಸಗೆಯ ಕೊನೆಯಲ್ಲಿ, ಈ ಮಾತು ಸುಳ್ಳಾಗುತ್ತದೆ. ಅವುಗಳ ಮೇಲೆ ಬಿದ್ದ ಹನಿಯು ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಾಗಿ ನಿಲ್ಲುವುದೇ ಹೊರತು ಒಳಕ್ಕಿಳಿಯದು. ಎಲೆಗಳ ಮೇಣ, ಬೇರುಗಳ ಸ್ರಾವ, ಬೂಷ್ಟಿನ ಎಳೆ ಇವುಗಳಿಂದ ಬಂದ ಸಾವಯವ ಪದಾರ್ಥವು ಮಣ್ಣಿನ ಕಣಗಳಿಗೆ ತೆಳುವಾಗಿ ಲೇಪಗೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಮಳೆ ಬಲಿತ ಮೇಲೆ ಅದೇ ಮಣ್ಣು ನೀರನ್ನು ಹೀರತೊಡಗುತ್ತದೆ. ಈ ಪರಿವರ್ತನೆಗೆ ವಿದ್ವಾಂಸರು ಕೊಟ್ಟಿರುವ ವಿವರಣೆ ಎಷ್ಟರಮಟ್ಟಿಗೆ ಸಮರ್ಪಕವೆಂಬುದನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಬಳಕೆಯಲ್ಲಿರುವ ಹನಿಪರೀಕ್ಷೆ ಬಹು ಸರಳವಾದುದು. ಹನಿಯು 5 ಸೆಕೆಂಡುಗಳೊಳಗೆ ಇಂಗಿದರೆ ಮಣ್ಣು ನೀರನ್ನು ಒಪ್ಪುವಂಥದು. 3600 ಸೆಕೆಂಡು ಕಳೆದರೂ ಇಂಗದಿದ್ದರೆ ಅದರ ವಿಕರ್ಷಣೆ ಅತ್ಯಂತ ತೀವ್ರವಾದುದು. ನೆದರ್ಲೆಂಡ್ಸಿನ ಔಡ್‌ಡಾರ್ಪ್ ಎಂಬಲ್ಲಿಯ ಮರಳುದಿಬ್ಬದ ಮಣ್ಣನ್ನು ಕುರಿತು 1994ರಲ್ಲಿ ಬರೆದ ಡೆಕ್ಕರ್ ಮತ್ತು ರಿಟ್ಸೆಮಾ ಅವರು ಈ ಪರೀಕ್ಷೆಗೆ ಒಂದು ವಿವೇಕವನ್ನು ತಂದುಕೊಟ್ಟರು. ಹೊಲದ ತೇವದೊಡನೆಯೇ ಅಳೆದಾಗ ಕಾಣುವ ವಿಕರ್ಷಣೆ ವಾಸ್ತವವಾದುದು, ಒಣಗಿಸಿ ಅಳೆದಾಗ ಕಾಣುವುದು ಸಂಭಾವ್ಯವಾದುದು ಎಂದು ಅವರು ಬೇರ್ಪಡಿಸಿದರು. ತೇವಾಂಶವು ಒಂದು ಎಲ್ಲೆಯನ್ನು ದಾಟಿದರೆ ವಾಸ್ತವ ವಿಕರ್ಷಣೆ ಮರೆಯಾಗುತ್ತದೆ. ಆ ಮರಳಿನಲ್ಲಿ ಈ ಎಲ್ಲೆ ಶೇಕಡಾ 5ಕ್ಕೂ ಕಡಮೆ. ಈ ವಿಭಾಗಕ್ರಮವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ.

ಆದರೆ ಇದರಿಂದ ಬೆಳೆದುಬಂದ ಒಂದು ರೂಢಿಯನ್ನು ಒಪ್ಪಲಾರೆವು. ಯಾವ ತಿಂಗಳಲ್ಲಿ ಅಗೆದ ಮಣ್ಣಾದರೂ ಸರಿಯೆ, ಓವನ್ನಿನಲ್ಲಿ ಒಣಗಿಸಿ ಹನಿ ಹಾಕಿದರೆ ಅದರ ಬೇಸಗೆಯ ಸ್ವಭಾವ ತಿಳಿದುಬಿಡುತ್ತದೆಂಬ ನಂಬಿಕೆ ಅದು. ಓವನ್ನಿನ ಒಣಗು ಬೇರೆ, ಚೈತ್ರ ವೈಶಾಖಗಳ ಒಣಗು ಬೇರೆ. ಒಣಗಿಸುವ ಉಷ್ಣತೆ ಬದಲಾದರೆ ಫಲವೂ ಬದಲಾಗುವುದುಂಟು.

ಈ ನಂಬಿಕೆಗೆ ಬಲವಾದ ಪೆಟ್ಟು ಕೊಟ್ಟುದು ಡೋರ್ ಮತ್ತು ಥಾಮಸ್ ಅವರು ಪೋರ್ಚುಗಲ್ಲಿನ ಕಾಡುಮಣ್ಣುಗಳನ್ನು ಕುರಿತು 2000ದಲ್ಲಿ ಪ್ರಕಟಿಸಿದ ಲೇಖನ. ಅಲ್ಲಿ ತೇವಾಂಶ ಶೇಕಡಾ 28ನ್ನು ಮೀರಿದಾಗ ವಿಕರ್ಷಣೆ ಇಲ್ಲವಾಯಿತು. ಅಷ್ಟೇ ಅಲ್ಲ, ಒಮ್ಮೆ ನೆನೆದ ಮಣ್ಣು ಮತ್ತೆ ಒಣಗಿದಾಗ ಕಳೆದುಕೊಂಡ ಗುಣವನ್ನು ಮರಳಿ ಪಡೆಯಲೇಬೇಕೆಂಬ ನಿಯಮವಿಲ್ಲವೆಂದೂ ಕಂಡುಬಂದಿತು. ಅದು ಮರಳಲು ಹೊಸ ಲೇಪದ್ರವ್ಯ ಬೇಕಾಗಬಹುದೆಂದು ಲೇಖಕರು ಊಹಿಸಿದ್ದಾರೆ. ಊಹೆ ನಿಜವಾದ ಪಕ್ಷದಲ್ಲಿ ಋತುಮಾನವೆಂದರೆ ಬರಿಯ ಒಣಗು-ತೇವಗಳ ಲೆಕ್ಕವಲ್ಲ. ಎಲೆ ಉದುರುವುದು, ಬೇರು ಚಿಗುರುವುದು, ಬೂಷ್ಟು ಹಬ್ಬುವುದು ಎಲ್ಲವೂ ಅದರಲ್ಲಿ ಸೇರಬೇಕು. ಲೇಖನದ ನಿಜವಾದ ಸಾರ ಇದೇ. ಆದರೂ ಓದುವವರ ಮನಸ್ಸಿನಲ್ಲಿ ನಿಲ್ಲುವುದು 28 ಎಂಬ ಅಂಕಿ ಮಾತ್ರ! ಮರಳಿನಲ್ಲಿ 5ಕ್ಕೂ ಕೆಳಗಿದ್ದ ಎಲ್ಲೆ ಕಾಡುಮಣ್ಣಿನಲ್ಲಿ 28ಕ್ಕೆ ಏರಿರುವಾಗ ಯಾವುದನ್ನು ತಾನೆ ಮಣ್ಣುಗಳಿಗೆಲ್ಲ ಸಲ್ಲುವ ಸ್ಥಿರಾಂಕವೆನ್ನುವುದು?

ಇದು ಕೇವಲ ಪಂಡಿತರ ಚರ್ಚೆಯಲ್ಲ. ವಿಕರ್ಷಕ ಮರಳಿನಲ್ಲಿ ನೀರು ಸಮವಾಗಿ ಇಳಿಯದೆ ಬೆರಳುಗಳಂತೆ ಕವಲೊಡೆದು ಧುಮುಕುವುದರಿಂದ, ಮೇಲೆ ಹಾಕಿದ ಗೊಬ್ಬರ ಔಷಧಿಗಳು ಬೇಗನೆ ಅಂತರ್ಜಲವನ್ನು ಸೇರಬಲ್ಲವು. ಇಳಿಜಾರಿನ ಕಾಡಿನಲ್ಲಿ ಮೊದಲ ಮಳೆಯ ನೀರು ಇಂಗದೆ ಹರಿದುಹೋಗಬಹುದು. ಪೋರ್ಚುಗಲ್ಲಿನ ನೀಲಗಿರಿ ತೋಪುಗಳ ಮಣ್ಣು ಇಂಥ ವಿಕರ್ಷಣೆಗೆ ಹೆಸರಾದುದು. ನಮ್ಮ ಕೋಲಾರದ ಕಡೆಯೂ ನೀಲಗಿರಿ ತೋಪುಗಳುಂಟು. ಆದರೆ ಜಾತಿ ಬೇರೆ, ಮಳೆಯ ಕಾಲವೂ ಬೇರೆ. ಅಲ್ಲಿ ಬೇಸಗೆ ಒಣಗಿ ಚಳಿಗಾಲ ನೆನೆಯುತ್ತದೆ. ಇಲ್ಲಿ ಬೇಸಗೆಯ ನಡುವೆಯೇ ಅಡ್ಡಮಳೆ ಬರುತ್ತದೆ. ಆ ಒಂದು ಮಳೆಯಲ್ಲಿ ನೆನೆದು ಮತ್ತೆ ಒಣಗಿದ ಮಣ್ಣು ಜೂನ್ ತಿಂಗಳಲ್ಲಿ ಹನಿಯನ್ನು ತಡೆಯುವುದೋ ಬಿಡುವುದೋ ಎಂಬುದನ್ನು ಪರದೇಶದ ಅಂಕಿಯಿಂದ ಹೇಳಲಾಗದು. ಅಡ್ಡಮಳೆಗೆ ಮುಂಚೆ ಒಮ್ಮೆ, ಅದು ಒಣಗಿದ ಮೇಲೆ ಒಮ್ಮೆ, ಮಳೆಗಾಲದ ನಡುವೆ ಮತ್ತೊಮ್ಮೆ, ಒಂದೇ ಜಾಗದ ಮಣ್ಣನ್ನು ಓವನ್ನಿಗೆ ಹಾಕದೆ ಅಳೆಯಬೇಕು. ಅದಕ್ಕೆ ಬೇಕಾದುದು ಒಂದು ಹನಿಗೊಳವೆ, ಒಂದು ಗಡಿಯಾರ, ತೇವಾಂಶವನ್ನು ತೂಗಲು ಒಂದು ತಕ್ಕಡಿ.